ಕಂಡ ದಿನಕ್ಕೆ ಮಾತ್ರ ಹೋಗುವ ಕುರ್ಚಿ

೫ ಡಿಸೆಂಬರ್ ೧೯೬೪, ಶನಿವಾರ
ಶಿಡ್ಲಘಟ್ಟ

ಇವತ್ತು ತಿಮ್ಮಪ್ಪನ ಒಪ್ಪೊತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ತಣ್ಣೀರು ಸುರಿದುಕೊಂಡೆ. ಬಾಗಿಲಿಗೆ ನೀರು ಹಾಕಿದೆ. ರಂಗೋಲಿ ನನ್ನ ತಮ್ಮನ ಹೆಂಡತಿ ಕೊಂಡಮ್ಮನ ಪಾಲು. ಯಜಮಾನರು ಹೋದ ಮೇಲೆ ನಾನು ರಂಗೋಲಿ ಪುಡಿ ಮುಟ್ಟಿಲ್ಲ. ಕೊಟ್ಟಿಗೆ ಬಾಚಿ, ಹಾಲು ಕರೆದು, ಹುಳುಮನೆ ಸಾರಿಸಿದೆ. ನಿನ್ನೆ ಮೊಟ್ಟೆಯೊಡೆದ ರೇಷ್ಮೆ ಹುಳುಗಳು ಇನ್ನೂ ಇರುವೆಯಷ್ಟಿವೆ. ಎಳೆಸೊಪ್ಪನ್ನು ದಾರದಂತೆ ಹೆಚ್ಚಿ ಉದುರಿಸಿ, ಚಳಿಗೆ ಒಂದು ಮೂಲೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿದೆ.

ಮಧ್ಯಾಹ್ನ ಮುನಿಶಾಮಪ್ಪ ಬಂದ. ಗೌರಿಬಿದನೂರಿನ ಕಡೆಯಿಂದ ರೇಷ್ಮೆಗೂಡು ಮಾರಲು ಬಂದಿದ್ದನಂತೆ. ಅವನು ನನ್ನ ಸವತಿ ವೆಂಕಟರತ್ನಮ್ಮನ ತಮ್ಮ. ನನಗೆ ಮಕ್ಕಳಾಗಲಿಲ್ಲವೆಂದು ಅತ್ತೆ ತಂದುಕೊಂಡ ಎರಡನೆಯ ಸೊಸೆ ಆ ರತ್ನ. ಆ ಕಡೆಯ ಗಂಡನ ಮನೆ ಬಿಟ್ಟು ನಾನು ತವರಿಗೆ ಬಂದು ಹದಿನೆಂಟು ವರ್ಷವಾಯಿತು. ಅತ್ತೆ ಎಂದೋ ಹೋದರು. ಎರಡು ವರ್ಷದ ಹಿಂದೆ ಯಜಮಾನರು ತೀರಿಕೊಂಡಾಗ ಹೋಗಿ, ಹೆಂಗಸರ ಸಾಲಿನಲ್ಲಿ ಕೂತು, ಕರ್ಮ ಮುಗಿಸಿಕೊಂಡು ಬಂದೆ. ಅಷ್ಟು ಜನದ ನಡುವೆ ಅವಳಿಗೂ ನನಗೂ ಮಾತಾಗಲಿಲ್ಲ.

ಚಾಪೆ ಹಾಕಿದರೂ ಮುನಿಶಾಮಪ್ಪ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು ಹೇಳಿದ. "ಅಕ್ಕಯ್ಯ, ನಮ್ಮಕ್ಕ ಹೇಳಿ ಕಳ್ಸವ್ಳೆ. ಮನೇಲಿ ಅವಳೂ ಮಗಳೂ ಇಬ್ರೇ. ನೀನು ಬಂದು ಅಲ್ಲೇ ಇದ್ಕೋಬೇಕಂತೆ. ನೆಂಟ್ರಂಗಲ್ಲ, ಮನೆಯೋಳಂಗೆ."

ನಾನು ಬಾಯಿ ತೆರೆಯುವ ಮೊದಲೇ ನನ್ನ ತಮ್ಮ ಆವಲಪ್ಪ ಎದ್ದು ಬಂದ. "ಬರಿ ಮಡಿಲಲ್ಲಿ ಕಳಿಸಿದೋರು ಈಗ ಯಾವ ಮಖ ಇಟ್ಕೊಂಡು ಕರೀತಾರೆ?" ಎಂದ. ಮುನಿಶಾಮಪ್ಪ ಹೊರಡಲು ತಿರುಗಿದ. ಅವನ ತಪ್ಪೇನಿದೆ, ಆಗ ಇನ್ನೂ ಚಡ್ಡಿ ಹಾಕುತ್ತಿದ್ದವನು. ಯೋಚಿಸಿ ಹೇಳುತ್ತೇನೆ ಎಂದು ಮಜ್ಜಿಗೆ ಕೊಟ್ಟು ಕಳಿಸಿದೆ. ಸಂಕ್ರಾಂತಿ ಕಳೆದು ಮತ್ತೆ ಗೂಡು ತರುತ್ತಾನಂತೆ, ಆಗ ಹೇಳಬೇಕಂತೆ.

ಯೋಚಿಸುವುದೇನೂ ಇಲ್ಲ. ಬಾಯಿಮಾತಿಗೆ ಹಾಗೆಂದೆ. ಮನೆಯಿಂದ ಹೊರಡುವ ಹೆಣ್ಣಿಗೆ ಮಡಿಲಲ್ಲಿ ಅಕ್ಕಿ ಬೆಲ್ಲ ಕೊಬ್ಬರಿ ತುಂಬುತ್ತಾರೆ. ಆಗದವರ ಮಗಳಿಗೂ ಅಷ್ಟು ಮಾಡುತ್ತಾರೆ. ನಾನು ಹೊರಟ ದಿನ ಒಂದು ಹಿಡಿ ಅಕ್ಕಿ ಹಾಕುವವರು ಆ ಮನೆಯಲ್ಲಿರಲಿಲ್ಲ. ಆಗ ನಾನು ಮುತ್ತೈದೆ. ಈಗ ತುಂಬುತ್ತೇನೆಂದರೂ ತುಂಬುವಂತಿಲ್ಲ.

ಸಂಜೆ ಸೂರ್ಯ ಮುಳುಗಿದ ಮೇಲೆ ಅವಲಕ್ಕಿ ತಿಂದೆ.

೮ ಡಿಸೆಂಬರ್, ಮಂಗಳವಾರ

ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಟೀಚರಮ್ಮ, ಚಿಂತಾಮಣಿಯ ಶ್ಯಾಮಲಮ್ಮ, ಒಂದು ಪುಸ್ತಕ ಕೊಟ್ಟಳು. ನಾನು ಓದುವುದು ಸ್ತೋತ್ರ, ವ್ರತಕಥೆ, ಪಂಚಾಂಗ. ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸಿನ ಓದಿಗೆ ಅಷ್ಟು ಸಾಕಾಗಿತ್ತು. "ದೇವ್ರ ಪುಸ್ತಕ ಅಲ್ಲ ದೊಡ್ಡಮ್ಮ, ಆದ್ರೂ ಓದಿ ನೋಡಿ" ಎಂದಳು. ಮೇಲಿನ ರಟ್ಟೂ ಮೊದಲ ಹಾಳೆಯೂ ಹರಿದು ಹೋಗಿವೆ, ಹೆಸರು ಗೊತ್ತಿಲ್ಲ. ಟೀಚರಮ್ಮ ಅದನ್ನು ವಿಜ್ಞಾನದ ಕಾದಂಬರಿ ಎನ್ನುತ್ತಾಳೆ.

ವಾಮನರಾಯ ಎಂದು ಒಬ್ಬ ಕಾಲೇಜು ಮೇಷ್ಟ್ರು. ಹೆಂಡತಿ ಮಕ್ಕಳಿಲ್ಲ. ಅಟ್ಟದ ಮೇಲೆ ತಾಮ್ರದ ತಂತಿ ಸುತ್ತಿದ ಒಂದು ಕುರ್ಚಿ ಮಾಡುತ್ತಾನೆ. ಅದರಲ್ಲಿ ಕೂತು ಕಣ್ಣು ಮುಚ್ಚಿ ಹಿಂದಿನ ಯಾವುದಾದರೂ ಒಂದು ದಿನವನ್ನು ನೆನೆಸಿಕೊಂಡರೆ ಕುರ್ಚಿ ಅವನನ್ನು ಆ ದಿನಕ್ಕೇ ಒಯ್ಯುತ್ತದೆ. ಅಲ್ಲಿ ಅವನು ಯಾರನ್ನೂ ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ಅಲ್ಲಿಯವರಿಗೆ ಇವನು ಕಾಣುವುದೂ ಇಲ್ಲ. ನೋಡಿ ಬರಬಹುದು, ಅಷ್ಟೇ. ಮೊದಲ ಸಲ ಎಂಟು ವರ್ಷದ ತನ್ನನ್ನೇ ತಾನು ಕಂಡು, ಹುಡುಗ ಇಷ್ಟು ಸಣಕಲಾಗಿದ್ದನೇ ಎಂದು ಮರುಗುತ್ತಾನೆ. ಅಲ್ಲಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ದೇವಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯ ಮೇಲೆ ಯುಗ ಕಳೆದಿತ್ತು ಎಂದು ಹರಿಕಥೆಯಲ್ಲಿ ಕೇಳಿದ್ದೇನೆ. ಅದು ದೇವರ ಲೀಲೆ. ಮನುಷ್ಯ ತಂತಿ ಸುತ್ತಿ ಹಾಗೆ ಮಾಡಬಹುದೋ ಬಾರದೋ ತಿಳಿಯದು. ಗೋಡೆಯ ಗೂಡಿನಲ್ಲಿರುವ ತಿಮ್ಮಪ್ಪನಿಗೆ ಕೈಮುಗಿದು ಮುಂದಿನ ಅಧ್ಯಾಯಕ್ಕೆ ಹೋದೆ.

ಕೊಂಡಮ್ಮನಿಗೂ ಓದಿ ಹೇಳಿದೆ. "ಆ ಕುರ್ಚಿ ಮ್ಯಾಲೆ ಕೂತ್ರೆ ನನ್ನ ಸೊಂಟನೋವು ಸುರುವಾಗೋಕ್ ಮುಂಚಿನ ದಿನಕ್ಕೆ ಬಿಡ್ತದಾ ಕೇಳು ಅತ್ತಿಗೆ. ಬಿಟ್ರೆ ಅಲ್ಲೇ ಇಳ್ಕೊಂಬಿಡ್ತೀನಿ" ಎಂದಳು.

೧೨ ಡಿಸೆಂಬರ್, ಶನಿವಾರ

ಒಪ್ಪೊತ್ತು. ಹೊಟ್ಟೆ ಖಾಲಿ ಇದ್ದರೆ ತಲೆ ಹಗುರ.

ಸೊಪ್ಪು ಹೆಚ್ಚುವ ಮಣೆಯ ಮೇಲೆ ಕೂತಿದ್ದಾಗ ಹುಡುಗಾಟಕ್ಕೆ ನಾನೂ ಕಣ್ಣು ಮುಚ್ಚಿದೆ. ಯಾವ ದಿನಕ್ಕೆ ಹೋಗಲಿ? ಮದುವೆಯ ದಿನ ಎಂದುಕೊಂಡೆ. ಏನೂ ಕಾಣಲಿಲ್ಲ. ಅರಿಶಿನ ಬಳಿದ ನನ್ನ ಕಾಲ್ಬೆರಳು, ಒದ್ದೆ ಸೀರೆಯ ಅಂಚು, ಅಷ್ಟೇ. ತಲೆ ಬಗ್ಗಿಸಿದವಳು ಎತ್ತಲೇ ಇಲ್ಲವಲ್ಲ. ಮಿಕ್ಕಿದ್ದೆಲ್ಲ ಆಮೇಲೆ ಇವರಿವರು ಹೇಳಿ ಕೇಳಿದ್ದು.

ಅದರ ಬದಲು ಕೇಳದೆಯೇ ಬಂದದ್ದು ರತ್ನ ಮೊದಲ ಸಲ ಹುಳುಮನೆಗೆ ಬಂದ ದಿನ. ಅವಳಿಗೆ ಆಗ ಹದಿನಾರು. ಹುಳು ಕಂಡರೆ ಹೇಸಿಗೆ. ಅತ್ತೆಯ ಭಯಕ್ಕೆ ಒಳಗೆ ಬಂದು ಎರಡು ಬೆರಳ ತುದಿಯಲ್ಲಿ ಸೊಪ್ಪು ಹಿಡಿದು ತಟ್ಟೆಯ ಮೇಲೆ ಹಾಕುತ್ತಿದ್ದಳು. ಗೂಡು ಕಟ್ಟಲು ಹಣ್ಣಾಗುವ ಹೊತ್ತಿನ ದಪ್ಪ ಹುಳುವೊಂದು ಅವಳ ಮಣಿಕಟ್ಟಿಗೆ ಹತ್ತಿತು. ಕೊಡವಿದರೆ ಬಿದ್ದು ಸಾಯುತ್ತದೆ ಎಂದು ಆಗತಾನೇ ನಾನು ಹೇಳಿದ್ದೆ. ಕೊಡವಲಿಲ್ಲ. ಕಣ್ಣಿಂದ ಬಳಬಳ ನೀರು, ಕೈ ಮಾತ್ರ ಅಲ್ಲಾಡಿಸದೆ ನಿಂತು, "ತಗಿ ಅಕ್ಕಯ್ಯ, ತಗಿ ಅಕ್ಕಯ್ಯ" ಎಂದು ಮೆಲ್ಲಗೆ, ಹುಳುವಿಗೆ ಕೇಳಿಸಬಾರದೆಂಬಂತೆ ಹೇಳುತ್ತಿದ್ದಳು. ನಾನು ನಗು ತಡೆಯಲಾರದೆ ನೆಲಕ್ಕೆ ಕೂತುಬಿಟ್ಟೆ. ಅವಳ ಸೀರೆ ಬೂದುಗುಂಬಳದ ಹೂವಿನ ಬಣ್ಣದ್ದು. ತಲೆಗೆ ಹರಳೆಣ್ಣೆ ಹೆಚ್ಚಾಗಿ ಹಣೆಗೆ ಇಳಿದಿತ್ತು. ಕೆಂಡದ ಮೇಲೆ ಬೇವಿನ ಎಲೆ ಹಾಕಿದ ವಾಸನೆಯೂ ಬಂತು.

ಕಣ್ಣು ಬಿಟ್ಟಾಗ ಹೆಚ್ಚಿದ ಸೊಪ್ಪು ಬಾಡಿಹೋಗಿತ್ತು. ಕೊಂಡಮ್ಮ ಬೈದಳು. ಬೈಯಲಿ, ತಪ್ಪು ನನ್ನದೇ.

೧೭ ಡಿಸೆಂಬರ್, ಗುರುವಾರ

ಧನುರ್ಮಾಸ ಶುರುವಾಗಿದೆ. ನಸುಕಿನಲ್ಲಿ ಗುಡಿಗೆ ಹೋಗಿ ಪೊಂಗಲ್ ಪ್ರಸಾದ ತಂದೆ.

ಹುಳು ಜ್ವರಕ್ಕೆ ಕೂತಿವೆ. ಪೊರೆ ಬಿಡುವಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವಲ್ಲ, ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕುವಂತಿಲ್ಲ. ಹುಳುವಿಗೆ ಜ್ವರ, ನನಗೆ ರಜ. ಹಗಲೆಲ್ಲ ಓದಿದೆ.

ವಾಮನರಾಯನಿಗೆ ಕುರ್ಚಿಯ ಹುಚ್ಚು ಹಿಡಿದಿದೆ. ಪಾಠಕ್ಕೆ ಹೋಗುವುದಿಲ್ಲ, ಊಟ ಮರೆಯುತ್ತಾನೆ. ದಿನ ಪೂರ್ತಿ ನೆನಪಾಗದಿದ್ದರೆ ಕುರ್ಚಿ ಅರ್ಧ ದಾರಿಗೆ ನಿಲ್ಲುತ್ತದೆ. ಅದಕ್ಕೇ ಅವನು ಮೊದಲು ವಾಸನೆಯನ್ನು ನೆನೆಯುತ್ತಾನೆ, ಆಮೇಲೆ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತೆಂದು, ಆಮೇಲೆ ಕೈಯಲ್ಲಿ ಏನಿತ್ತೆಂದು. ಜನರನ್ನು ಕೊನೆಗೆ ನೆನೆಯಬೇಕಂತೆ. ಬರೆದವರು ಬಲು ಜಾಣರು.

ನಾನೂ ಹಾಗೆಯೇ ಮಾಡಿ ನೋಡಿದೆ. ಒದ್ದೆ ಕಲ್ಲು, ಅರಳಿ ಎಲೆ, ಹಸಿ ಅರಿಶಿನ. ವಿದುರಾಶ್ವತ್ಥ! ರತ್ನ ಬಂದ ಮರುವರ್ಷ ನಾವಿಬ್ಬರೂ ನಡೆದೇ ಹೋಗಿದ್ದೆವು. ಮಕ್ಕಳಾಗದವರು ಅಲ್ಲಿ ನಾಗರಕಲ್ಲಿಗೆ ಹಾಲೆರೆದು, ಒದ್ದೆ ಸೀರೆಯಲ್ಲಿ ಮರ ಸುತ್ತುತ್ತಾರೆ. ನಾನು ಸುತ್ತುತ್ತಾ ಸುತ್ತುತ್ತಾ ಕಾಲಿಗೆ ಮುಳ್ಳು ಹೊಕ್ಕು ಕೂತುಬಿಟ್ಟೆ. ರತ್ನ ತನ್ನ ಸುತ್ತು ಮುಗಿಸಿದವಳು ನಿಲ್ಲದೆ ಮತ್ತೆ ಸುತ್ತಿದಳು. ಇದು ಯಾರ ಲೆಕ್ಕಕ್ಕೆ ಎಂದು ಕೇಳಿದೆ. "ನಿಂದು ಉಳಿದಿತ್ತಲ್ಲ ಅಕ್ಕಯ್ಯ. ನಿಂಗೆ ಮೊದ್ಲಾಗ್ಲಿ, ಆಮೇಲೆ ನಂಗೆ. ದೊಡ್ಡೋಳು ನೀನು" ಎಂದಳು.

ಬರುವಾಗ ಪುರಿ, ಹುರಿಗಡಲೆ ಕೊಂಡು ಸೆರಗಿಗೆ ಕಟ್ಟಿಕೊಂಡೆವು. ದಾರಿಯಲ್ಲಿ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಾ ಊರ ಬಾವಿ ಹತ್ತಿರ ಬರುವಷ್ಟರಲ್ಲಿ ಸೆರಗು ಖಾಲಿ. ಪ್ರಸಾದ ಎಲ್ಲಿ ಎಂದರು ಅತ್ತೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ದೇವರು ಅವಳಿಗೆ ಕೊಟ್ಟ. ನನಗೆ ಕೊಡಲಿಲ್ಲ. ಅವನ ಇಷ್ಟ.

೨೩ ಡಿಸೆಂಬರ್, ಬುಧವಾರ

ಇವತ್ತು ಹಬ್ಬವೂ ಅಲ್ಲ, ವ್ರತವೂ ಅಲ್ಲ. ಆದರೂ ಮನಸ್ಸು ಕೆಟ್ಟಿತು.

ಊಟಕ್ಕೆ ಕೂತಾಗ ಶ್ಯಾಮಲಮ್ಮ, ಮುನಿಶಾಮಪ್ಪನಿಗೆ ಏನು ಹೇಳುತ್ತೀರಿ ದೊಡ್ಡಮ್ಮ ಎಂದು ಕೇಳಿದಳು. ನನ್ನ ಬದಲು ಆವಲಪ್ಪ ಹೇಳಿದ. ನಮ್ಮಮ್ಮ ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದುದೇ ಅದು. "ಅಂಗಳದ ತುಂಬ ಜನ ನಿಂತಿದ್ರು ಟೀಚರಮ್ಮ. ಅತ್ತೆ ಅನ್ನೋಳು ಅಕ್ಕಿ ತುಂಬಿದ ಮೊರ ಕೈಲಿ ಹಿಡಿದಿದ್ಲು. ನಮ್ಮಕ್ಕ ಸೆರಗೊಡ್ಡಿದ್ರೆ ಮೊರ ಒಳಕ್ಕೆ ತಗೊಂಡೋದ್ಲು. ಆ ಸವತಿ ಮಗು ಎತ್ಕೊಂಡು ನೋಡ್ತಾ ನಿಂತಿದ್ಲು." ಟೀಚರಮ್ಮ ತುತ್ತು ಬಾಯಿಗಿಡದೆ ಅತ್ತಳು. ಕೊಂಡಮ್ಮನೂ ಮೂಗು ಒರೆಸಿಕೊಂಡಳು. ನಾನು ಅರ್ಧಕ್ಕೇ ಕೈ ತೊಳೆದು ಎದ್ದೆ.

ನಾನು ಹೊರಟ ಆ ವರ್ಷ ರತ್ನ ಆಗತಾನೇ ಹೆತ್ತಿದ್ದಳು. ಬಾಣಂತನವೆಲ್ಲ ನನ್ನ ಕೈಯಲ್ಲೇ. ಆಗಲೇ ಹುಳುಮನೆಗೆ ಹಾಲುತೊಂಡೆ ರೋಗ ಬಿದ್ದು ತಟ್ಟೆ ತಟ್ಟೆಯೇ ಕೊಳೆತು ಹೋಯಿತು. ಅತ್ತೆ ನಡುಮನೆಯಲ್ಲಿ ನಿಂತು, ಬಂಜೆ ಕೈ ತಾಗಿ ಹುಳು ಹೋದವು, ಇನ್ನು ಆ ಕೈ ಮಗೂನ ಮುಟ್ಟಬಾರದು ಎಂದರು. ಯಜಮಾನರು ತಲೆ ಎತ್ತಲಿಲ್ಲ. ಮಾರನೆಯ ಬೆಳಗ್ಗೆ ಹೊರಟೆ. ಬಾಣಂತಿ ಕೋಣೆಯಿಂದ ರತ್ನ ಆಡಿದ್ದು ಒಂದೇ ಮಾತು: "ಪುರುಡು ಕಳೀಲಿ, ಆಮೇಲೆ ಹೋಗು ಅಕ್ಕಯ್ಯ."

ಯಾಕೆಂದು ನನಗೆ ಗೊತ್ತಿಲ್ಲವೇ? ನಾನು ಹೋದರೆ ಅವಳ ಸ್ನಾನಕ್ಕೆ ಹಂಡೆ ನೀರು ಕಾಯಿಸುವವರು ಯಾರು? ಹೆರಿಗೆಯ ಮೈಲಿಗೆ ಕಳೆಯುವಷ್ಟು ದಿನ ದುಡಿಸಿಕೊಂಡು ಆಮೇಲೆ ಕಳಿಸುವುದು. ಅತ್ತೆಯ ಮಾತಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ಅತ್ತೆ ಅತ್ತೆಯೇ. ಇವಳನ್ನು ನಾನು ತಲೆ ಬಾಚಿ ಬೆಳೆಸಿದ್ದೆ.

ಸಂಕ್ರಾಂತಿಗೆ ಮುನಿಶಾಮಪ್ಪ ಬರಲಿ, ಇಲ್ಲ ಎನ್ನುತ್ತೇನೆ.

೨೪ ಡಿಸೆಂಬರ್, ಗುರುವಾರ

ಪುಸ್ತಕ ಮುಟ್ಟಲಿಲ್ಲ.

೨೮ ಡಿಸೆಂಬರ್, ಸೋಮವಾರ

ಮುಟ್ಟದೆ ಇರಲಾಗಲಿಲ್ಲ. ವಾಮನರಾಯ ಏನಾದನೋ ಎಂದು ಸೊಪ್ಪು ಬಿಡಿಸುವಾಗಲೂ ಅದೇ ಯೋಚನೆ.

ಅವನಿಗೆ ಒಂದೇ ಆಸೆ, ಅವನಪ್ಪ ಮನೆ ಬಿಟ್ಟು ಹೋದ ದಿನವನ್ನು ನೋಡಬೇಕು. ಆಗ ಇವನಿಗೆ ಐದು ವರ್ಷ. ಅಪ್ಪ ಕರಿಕೋಟು ಹಾಕಿ, ಕೊಡೆ ಹಿಡಿದು, ಬೀದಿ ತಿರುವಿನಲ್ಲಿ ಒಮ್ಮೆಯೂ ತಿರುಗಿ ನೋಡದೆ ಹೋದನೆಂಬುದು ಅವನಿಗೆ ಕಣ್ಣಿಗೆ ಕಟ್ಟಿದಂತಿದೆ. ಆ ಕೋಪದಲ್ಲೇ ಬೆಳೆದವನು. ಕುರ್ಚಿಯಲ್ಲಿ ಕೂತ. ಕುರ್ಚಿ ಕದಲಲಿಲ್ಲ. ತಂತಿ ಕೆಟ್ಟಿತೆಂದು ಬಿಚ್ಚಿ ಸುತ್ತಿದ. ಬೇರೆ ದಿನಕ್ಕೆಲ್ಲ ಹೋಗುತ್ತದೆ, ಆ ದಿನಕ್ಕೆ ಮಾತ್ರ ಹೋಗುವುದಿಲ್ಲ. ಕೊನೆಗೆ ಹೊಳೆಯಿತು.  ಕರಿಕೋಟೂ ಕೊಡೆಯೂ ಅವನು ಕಂಡದ್ದಲ್ಲ. ಅವನ ತಾಯಿ ಅಡುಗೆಮನೆಯಲ್ಲಿ ಮತ್ತೆ ಮತ್ತೆ ಹೇಳಿದ್ದು. ಅವನು ಆ ಹೊತ್ತು ಹಿತ್ತಲಲ್ಲಿ ಆಡುತ್ತಿದ್ದ. ಕಂಡ ದಿನಕ್ಕೆ ಮಾತ್ರ ಕುರ್ಚಿ ಹೋಗುತ್ತದೆ, ಕೇಳಿದ ದಿನಕ್ಕೆ ಹೋಗುವುದಿಲ್ಲ.

ಪುಸ್ತಕವನ್ನು ತೊಡೆಯ ಮೇಲೆ ಕವುಚಿಟ್ಟು ಕೂತೆ.

ಅಂಗಳದ ತುಂಬ ಜನ ಎಂದ ಆವಲಪ್ಪ. ಅವನು ಆವತ್ತು ಅಲ್ಲಿರಲಿಲ್ಲ. ಅಮ್ಮನೂ ಇರಲಿಲ್ಲ. ಆ ಮೊರ ಹಳೆಯದೋ ಹೊಸದೋ, ಸಗಣಿ ಬಳಿದಿತ್ತೋ ಇಲ್ಲವೋ? ನೆನೆದೆ. ಮೊರವೇ ಕಾಣಲಿಲ್ಲ.

ಸೊಪ್ಪಿನ ಹೊತ್ತಾಯಿತು.

೩ ಜನವರಿ ೧೯೬೫, ಭಾನುವಾರ

ಹುಳು ಹಣ್ಣಾಗುತ್ತಿವೆ. ಮೈ ಬೆಳಕಿಗೆ ಹಿಡಿದರೆ ಆಚೆಬದಿ ಕಾಣುತ್ತದೆ. ಆರಿಸಿ ಆರಿಸಿ ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಂಕಿಗೆ ಬಿಡಬೇಕು. ಮನೆಯವರಿಗೆಲ್ಲ ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಟೀಚರಮ್ಮನೂ ಸೆರಗು ಸಿಕ್ಕಿಸಿಕೊಂಡು ಬಂದಳು, ಹುಳು ಮುಟ್ಟಿ ಕಿರುಚಿದಳು.

೭ ಜನವರಿ, ಗುರುವಾರ

ಪುಸ್ತಕ ಮುಗಿಯಿತು. ಮುಗಿಯಬಾರದೆಂದು ಎರಡು ದಿನದಿಂದ ಒಂದೊಂದೇ ಹಾಳೆ ಓದುತ್ತಿದ್ದೆ.

ಕುರ್ಚಿಯ ತಂತಿ ಸವೆದು ಇನ್ನೊಂದೇ ಸಲ ಹೋಗಿ ಬರುವಷ್ಟು ಉಳಿದಿದೆ. ವಾಮನರಾಯ ಮುದುಕನಾಗಿದ್ದಾನೆ. ಯಾವ ದೊಡ್ಡ ದಿನಕ್ಕಾದರೂ ಹೋಗಬಹುದಿತ್ತು. ತಾಯಿಯ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದ ಒಂದು ಮಧ್ಯಾಹ್ನಕ್ಕೆ ಹೋಗುತ್ತಾನೆ. ಆ ದಿನ ಏನೂ ಆಗಿರುವುದಿಲ್ಲ. ತಾಯಿ ಸಿಪ್ಪೆಯನ್ನು ಒಂದು ಕಡೆ ಸರಿಸುತ್ತಾಳೆ, ಕಾಳು ಒಂದು ಕಡೆ. ಅಷ್ಟಕ್ಕೇ ಕಥೆ ಮುಗಿಯುತ್ತದೆ. ಇದೇನು ಚಪ್ಪೆ ಎಂದಳು ಶ್ಯಾಮಲಮ್ಮ, ಅವನು ಏನಾದರೂ ಕಂಡುಹಿಡಿಯಬೇಕಿತ್ತಂತೆ. ನನಗೆ ಹಾಗನ್ನಿಸಲಿಲ್ಲ. ಅವನು ಹೋದದ್ದು ಸರಿಯಾದ ಕಡೆಗೇ.

ಗೂಡು ಬಿಡಿಸುವ ತನಕ ಕೈಗೆ ಕೆಲಸವಿಲ್ಲ. ಮಣೆ ಹಾಕಿಕೊಂಡು ಕೂತೆ. ಆ ದಿನಕ್ಕೆ ಹೋಗಬಾರದೆಂದೇ ಇಷ್ಟು ದಿನ ಇದ್ದೆ. ವಾಮನರಾಯ ಹೇಳಿದಂತೆ ಮೊದಲು ವಾಸನೆ. ಬೆಳ್ಳುಳ್ಳಿ, ಓಮ, ಲೋಬಾನದ ಹೊಗೆ. ಬಾಣಂತಿ ಕೋಣೆಯ ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪು, ಇನ್ನೂ ಹಸಿರಾಗಿತ್ತು. ಬೆಳಕು ಸರಿಯಾಗಿ ಹರಿದಿರಲಿಲ್ಲ. ಅಂಗಳದಲ್ಲಿ ಆಳು ಬಯ್ಯಪ್ಪ ಗಾಡಿಗೆ ಎತ್ತು ಕಟ್ಟುತ್ತಿದ್ದ. ಇನ್ನೊಬ್ಬರಿಲ್ಲ. ಜನ ಇರಲಿಲ್ಲ, ಮೊರ ಇರಲಿಲ್ಲ, ನಾನು ಸೆರಗೊಡ್ಡಲೂ ಇಲ್ಲ. ಅತ್ತೆ ಒಳಗೆ ಕೆಮ್ಮುತ್ತಿದ್ದರು. ಯಜಮಾನರು ಸತ್ತ ಹುಳುವನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹೊರುತ್ತಿದ್ದರು. ತುಳಸಿಕಟ್ಟೆಗೆ ದೀಪವಿರಲಿಲ್ಲ. ದೇವರ ಕೋಣೆಯ ಬಾಗಿಲು ಹಾಕಿತ್ತು. ಹೊರಡುವಾಗ ದೇವರಿಗೂ ಕೈಮುಗಿಯದೆ ಬಂದೆನಲ್ಲ ಎಂದು ಈಗ ಅನ್ನಿಸಿತು.

ಗಾಡಿ, ಚಿಕ್ಕಬಳ್ಳಾಪುರಕ್ಕೆ ಬಸ್ಸು, ಅಲ್ಲಿಂದ ಚಿಕ್ಕ ರೈಲು. ಇಲ್ಲಿ ಬಂದರೆ ಅಮ್ಮ ಒಳಗೆ ಬಿಡಲಿಲ್ಲ. ಹಿತ್ತಲಿನಿಂದ ಕರೆದುಕೊಂಡು ಹೋಗಿ, ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದಳು. ಆಮೇಲೆ ತಬ್ಬಿಕೊಂಡು ಅತ್ತಳು.

ಅಂಗಳದಲ್ಲಿ ಯಾರೂ ಇರಲಿಲ್ಲವೆಂಬುದು ಗೊತ್ತಾಯಿತು. ಆದರೆ ಮಡಿಲಿಗೆ ಅಕ್ಕಿ ಬೀಳಲಿಲ್ಲ ಎಂಬುದು ನಿಜ. ಅದು ನಾನೇ ಕಂಡದ್ದು.

೧೩ ಜನವರಿ, ಬುಧವಾರ
ವೈಕುಂಠ ಏಕಾದಶಿ

ಉಪವಾಸ. ನಾಲ್ಕಕ್ಕೇ ಎದ್ದು ಗುಡಿಯ ಸಾಲಿನಲ್ಲಿ ನಿಂತು ಸ್ವಾಮಿಯ ದರ್ಶನವಾಯಿತು.

ಬರುವಾಗ ಬೀದಿಯಲ್ಲಿ ಕಂಡವರಿಗೆಲ್ಲ ತುಳಸಿ ಪ್ರಸಾದ ಕೊಡುತ್ತಾ ಬಂದೆ. ಮೂಲೆಮನೆಯ ಮಂಗಮ್ಮ ಜಗಲಿಯ ಮೇಲೆ ಕೂತಿದ್ದಳು. ಕೈ ಚಾಚಿದರೆ ಹಿಂದಕ್ಕೆ ಸರಿದಳು. "ಬ್ಯಾಡ ಅಮ್ಮಾಜಮ್ಮ, ನಂಗೆ ಪುರುಡು. ಸೊಸೆ ಮೊನ್ನೆ ಹೆತ್ಲು, ಗಂಡು" ಎಂದಳು. ಸಂತೋಷ ಎಂದೆ. ಅವಳು ಮಾತು ಮುಂದುವರಿಸಿದಳು. ಮಗಳು ಹಬ್ಬಕ್ಕೆ ಗಂಡನ ಮನೆಗೆ ಹೊರಟು ನಿಂತಿದ್ದಳಂತೆ. "ನಾನೇ ನಿಲ್ಲಿಸ್ಕೊಂಡೆ. ಪುರುಡಿನ ಮನೇಲಿ ಮಡ್ಲು ತುಂಬೋಂಗಿಲ್ವಲ್ಲ. ಬರಿ ಮಡ್ಲಲ್ಲಿ ಹೆಂಗೆ ಕಳಿಸ್ಲಿ? ಪುರುಡು ಕಳೀಲಿ, ಆಮೇಲೆ ಹೋಗು ಅಂದೆ."

ಪ್ರಸಾದ ಕೈಯಲ್ಲೇ ಉಳಿಯಿತು. ಹಿಂದಿನಿಂದ ಬಂದವರು ದಾರಿ ಬಿಡಮ್ಮ ಎಂದಾಗ ಸರಿದೆ. ಮನೆಗೆ ಹೇಗೆ ಬಂದೆನೋ.

ಸೂತಕ ಎಷ್ಟು ದಿನ, ಪುರುಡಿಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಈ ಬೀದಿಯವರೆಲ್ಲ ನನ್ನನ್ನು ಕೇಳುತ್ತಾರೆ. ಆವತ್ತು ದೇವರ ಕೋಣೆಯ ಬಾಗಿಲು ಯಾಕೆ ಹಾಕಿತ್ತು? ತುಳಸಿಗೆ ದೀಪ ಯಾಕಿರಲಿಲ್ಲ? ಅಮ್ಮ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ನೀರು ಯಾಕೆ ಸುರಿದಳು? ಆ ಮನೆಯ ಪುರುಡು ನನ್ನ ಮೈಮೇಲೂ ಇತ್ತು. ಆ ಮನೆಯ ಅಕ್ಕಿಯನ್ನು ಅವತ್ತು ಯಾರೂ ಯಾರ ಮಡಿಲಿಗೂ ಹಾಕುವಂತಿರಲಿಲ್ಲ. ಅಮ್ಮನಿಗೂ ಗೊತ್ತಿತ್ತು. ಮಗಳ ಬರಿ ಮಡಿಲು ಕಂಡ ಉರಿಯಲ್ಲಿ ಗೊತ್ತಿದ್ದದ್ದು ಸುಟ್ಟುಹೋಯಿತು. ನನ್ನದೂ ಅದರ ಜೊತೆಗೇ.

ಅತ್ತೆ ಆಡಿದ ಮಾತು ಆಡಿದ್ದೇ. ಅದನ್ನು ನಾನು ಈ ಕಿವಿಯಲ್ಲಿ ಕೇಳಿದ್ದೇನೆ, ಅದು ಹೋಗುವುದಿಲ್ಲ. ಆದರೆ ರತ್ನ ಒಳಗಿನಿಂದ ಹೇಳಿದ್ದು ನೀರು ಕಾಯಿಸುವುದಕ್ಕಲ್ಲ. ಹಸಿ ಮೈಯ ಹುಡುಗಿ, ಎದ್ದು ಹೊಸ್ತಿಲು ದಾಟುವಂತಿಲ್ಲ, ಅತ್ತೆಯ ಎದುರು ಮಾತಾಡುವಂತಿಲ್ಲ. ಅವಳಿಗೆ ಆಡಲು ಇದ್ದದ್ದು ಅದೊಂದೇ ಮಾತು.

ಉಪವಾಸವಾದ್ದರಿಂದ, ಊಟ ಯಾಕೆ ಬೇಡ ಎಂದು ಯಾರೂ ಕೇಳಲಿಲ್ಲ.

೧೪ ಜನವರಿ, ಗುರುವಾರ

ಸಂಕ್ರಾಂತಿ. ದನಗಳ ಮೈ ತೊಳೆದೆವು. ಅವರೆಕಾಯಿ, ಗೆಣಸು ಬೇಯಿಸಿದ್ದಾಯಿತು. ಪಾರಣೆಯೂ ಆಯಿತು.

ಆವಲಪ್ಪನಿಗೆ ಎಲ್ಲ ಹೇಳಿದೆ. ಅವನು ಎತ್ತಿನ ಕೊಂಬು ಒರೆಸಿ ಮುಗಿಸಿದ. ಆಮೇಲೆ, "ಅಂಗಾದ್ರೆ ಅಮ್ಮ ಸುಳ್ಳು ಹೇಳಿದ್ಲಾ ಅಕ್ಕ?" ಎಂದ.

"ಸುಳ್ಳಲ್ಲಪ್ಪ. ಅವಳಿಗೆ ಹಂಗೆ ಕಂಡೈತೆ. ಅವಳಲ್ಲಿರಲಿಲ್ಲ, ಅಷ್ಟೇ" ಎಂದೆ.

ಇಲ್ಲಿ ನಿನಗೇನು ಕಮ್ಮಿ ಎಂದು ಕೇಳಿದ. ಏನೂ ಕಮ್ಮಿಯಿಲ್ಲ ಎಂದೆ, ಅದು ನಿಜವೇ. ಎತ್ತನ್ನು ಹಿಡಿದುಕೊಂಡು ಹೊರಗೆ ಹೋದ. ಕೊಂಡಮ್ಮ ಮಾತ್ರ ಒಲೆಯ ಮುಂದೆ ಕೂತು, "ಹೋಗೋಳು ನನ್ನ ಸೊಂಟಕ್ಕೊಂದು ಕುರ್ಚಿ ಮಾಡಿಟ್ಟು ಹೋಗು" ಎಂದು ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಗೆ ಎಂದಳು.

೧೬ ಜನವರಿ, ಶನಿವಾರ

ಒಪ್ಪೊತ್ತು. ಬೆಳಗಿನ ಕೆಲಸ ಮುಗಿಸಿ, ಟೀಚರಮ್ಮನ ಹತ್ತಿರ ಒಂದು ಹಾಳೆ ಕೇಳಿ ತೆಗೆದುಕೊಂಡು ರತ್ನಳಿಗೆ ಬರೆದೆ. ಮುನಿಶಾಮಪ್ಪನ ಬಾಯಲ್ಲಿ ಹೇಳಿ ಕಳಿಸಬಹುದಿತ್ತು. ಬಾಯಿಂದ ಬಾಯಿಗೆ ಹೋದ ಮಾತು ದಾರಿಯಲ್ಲಿ ಬೇರೆಯೇ ಆಗುತ್ತದೆ. ಇದು ಹಾಗಾಗುವುದು ಬೇಡ.

ಬರೆದದ್ದು ಇಷ್ಟೇ. ಬರುತ್ತೇನೆ. ಮಾಘದ ಮೊದಲ ವಾರ, ಇಲ್ಲಿಯ ತಟ್ಟೆಗಳನ್ನೆಲ್ಲ ತೊಳೆದು ಒಣಗಿಸಿಟ್ಟು ಬರುತ್ತೇನೆ. ಬಸ್ಸಿನ ಹತ್ತಿರ ಯಾರೂ ಬಂದು ಕಾಯಬೇಡಿ, ದಾರಿ ಮರೆತಿಲ್ಲ. ನೆಂಟರಿಗೆ ಹಾಕುವ ಚಾಪೆ ಹಾಕಬೇಡ. ಮಗಳಿಗೆ ಹುಳು ಕಂಡರೆ ಹೆದರಿಕೆಯೋ ಏನೋ ಬರೆ. ನಾನು ಹೊರಟ ಬೆಳಗ್ಗೆ ನಾನೇನು ಕಂಡೆ ಎಂಬುದು ನನಗೆ ಗೊತ್ತು. ಬಾಗಿಲ ಒಳಗೆ ಮಲಗಿಕೊಂಡು ನೀನೇನು ಕಂಡೆ ಎಂಬುದನ್ನು ಯಾರೂ ನನಗೆ ಹೇಳಿಲ್ಲ. ಅದನ್ನು ನಿನ್ನ ಬಾಯಿಂದಲೇ ಕೇಳಬೇಕು.

ಅಡಿಯಲ್ಲಿ ಅಮ್ಮಾಜಮ್ಮ ಎಂದು ಬರೆದು, ಹೊಡೆದುಹಾಕಿ, ಅಕ್ಕಯ್ಯ ಎಂದು ಬರೆದೆ.

ಆವಲಪ್ಪ ಗೂಡಿನ ಮೂಟೆ ಕಟ್ಟಿ ಮಾರ್ಕೆಟ್ಟಿಗೆ ಹೊರಟಿದ್ದ. ಎರಡು ದಿನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. ಬಾಗಿಲಲ್ಲಿ ನಿಂತು, ಏನಾದರೂ ತರಬೇಕಾ ಎಂದು ಕೇಳಿದ. ಅಷ್ಟು ಕೇಳಿದ್ದೇ ಸಾಕಾಯಿತು.

"ತರೋದೇನಿಲ್ಲಪ್ಪ. ಮುನಿಶಾಮಪ್ಪ ಅಲ್ಲಿಗೆ ಬಂದಿದ್ರೆ, ನಮ್ಮಕ್ಕ ಉತ್ತರ ಬರೆದಿಟ್ಟವ್ಳೆ, ಮನೆಗೆ ಬಂದು ತಗೊಂಡೋಗು ಅಂತ ನೀನೇ ಹೇಳು."